ಕಾಪುವಿನ ಸೀರೆ

ಫೆಬ್ರವರಿ 16, ಆದಿತ್ಯವಾರ

ಹಲೋ. ಹಲೋ ಅಂತ ಯಾರಿಗೆ ಹೇಳುವುದು, ನನಗೇ ಗೊತ್ತಿಲ್ಲ. ಕೆಂಪು ಬಟನ್ ಒತ್ತಿದ್ದೇನೆ, ಗೆರೆ ಮೇಲೆ ಕೆಳಗೆ ಕುಣೀತಾ ಉಂಟು, ಅಂದರೆ ಫೋನು ಕೇಳ್ತಾ ಉಂಟು ಅಂತ ಲೆಕ್ಕ. ಕೇಳುವವರು ಒಬ್ಬರಾದರೂ ಬೇಕಲ್ಲ. ಬೆಲ್ ಇದ್ದಾಗ ನಾನು ಸ್ಟುಡಿಯೊ ಬಾಗಿಲು ಹಾಕಿ ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಶುರು ಮಾಡ್ತಿದ್ದೆ. ಯಾರು ಬಂದರು, ಯಾರ ಅಜ್ಜನ ಫೋಟೊ, ಗೆದ್ದಲು ಎಲ್ಲಿ ತಿಂದಿತ್ತು, ಮೂಗು ಹೇಗೆ ಕೂರಿಸಿದೆ, ಎಲ್ಲ. ಅವಳು ಅಡುಗೆಮನೆಯಿಂದ "ಹೂಂ" ಅಂತಿದ್ದಳು. ಮದುವೆಯಾದಲ್ಲಿಂದ ಆ ಹೂಂ. ಈ ಫೋನಿಗೆ ಅದೂ ಬರುವುದಿಲ್ಲ.

ವಿಷಯ ಎಂತ ಅಂದರೆ, ಬರುವ ತಿಂಗಳಿಗೆ ಬೆಲ್ ತೀರಿಕೊಂಡು ಒಂದು ವರ್ಷ. ಹೆಸರು ಕ್ರಿಸ್ತಬೆಲ್, ನಾನು ಮಾತ್ರ ಬೆಲ್ ಅನ್ನುವುದು. ಮಾರ್ಚ್ 23ಕ್ಕೆ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಸ್ಮರಣೆಯ ಪ್ರಾರ್ಥನೆ. ಆ ದಿನ ಕಾಪುವಿನ ಫೋಟೊ ದೊಡ್ಡದು ಮಾಡಿ ಇಡಬೇಕು ಅಂತ ನನ್ನ ಆಸೆ. ಬೇರೆ ಯಾವ ಫೋಟೊವೂ ಬೇಡ. ಮದುವೆಯಾದ ಹೊಸದರಲ್ಲಿ ಕಾಪು ದೀಪಸ್ತಂಭದ ಬಂಡೆ ಮೇಲೆ ನಾನೇ ತೆಗೆದದ್ದು. ಗಾಳಿ, ಹಿಂದೆ ಸಮುದ್ರ, ಅವಳು ತುಟಿ ಬಿಗಿದು ನಗ್ತಾ ಇದ್ದಾಳೆ. ಆ ನಗು ನೋಡಿ ಮನೆಗೆ ಬಂದ ಗಿರಾಕಿಗಳು ಕೇಳ್ತಾರೆ, ಕಾರ್ಲಣ್ಣ, ಹೀಗೆ ನಗಿಸ್ಲಿಕ್ಕೆ ಎಂತ ಹೇಳಿದ್ರಿ ಅಂತ. ಅದು ಗುಟ್ಟು ಮಾರಾಯ್ರೆ, ಅಂತ ಹೇಳ್ತೇನೆ.

ಆದರೆ ಫೋಟೊ ಹಾಳಾಗಿದೆ. ನಮ್ಮ ಊರಿನ ಗಾಳಿಯ ಉಪ್ಪು, ನೀರು ಗೊತ್ತಲ್ಲ, ಚಿತ್ರ ಗಾಜಿಗೇ ಅಂಟಿ ಕೂತಿದೆ. ಎಳೆದರೆ ಮುಖ ಗಾಜಿನ ಜೊತೆಗೆ ಬರ್ತದೆ. ಗಾಜು ಸಮೇತ ಸ್ಕ್ಯಾನ್ ಮಾಡಿದೆ. ಎಲ್ಲ ಕೆಂಪು. ಆ ಕಾಲದ ಕಲರ್ ಪ್ರಿಂಟಿನಲ್ಲಿ ಮೊದಲು ನೀಲಿಯ ಅಂಶ ಹಾರ್ತದೆ. ಸಮುದ್ರ ಕೆಂಪು, ಆಕಾಶ ಕೆಂಪು, ಸೀರೆ ಹಳದಿ. ಸೀರೆ ಹಳದಿ ಯಾಕೆ ಅಂದರೆ ಅದು ಹಸಿರು ಸೀರೆ. ಹಸಿರಿನಿಂದ ನೀಲಿ ತೆಗೆದರೆ ಉಳಿಯುವುದು ಹಳದಿ, ಅಲ್ವಾ? ಗಿಳಿಹಸಿರು. ನನಗೆ ಚೆನ್ನಾಗಿ ನೆನಪುಂಟು.

ನೆನಪಿದ್ದರೂ ನಾನು ಅಂದಾಜಿಗೆ ಬಣ್ಣ ಹಾಕುವವನಲ್ಲ. ಆಕಾಶಕ್ಕೆ ಅಂದಾಜು ನಡೀತದೆ. ಬಟ್ಟೆಗೆ ಇಲ್ಲ. ಗಿರಾಕಿಗಳಿಗೆ ಹೇಳ್ತೇನೆ, ಅಜ್ಜಿಯ ಸೀರೆಯ ಒಂದು ತುಂಡಾದರೂ ತನ್ನಿ, ಇಲ್ಲದಿದ್ದರೆ ಕಪ್ಪು ಬಿಳುಪಿನಲ್ಲೇ ಇರಲಿ. ನನಗೆ ಆ ಕಷ್ಟ ಇಲ್ಲ. ಬೆಲ್‌ಳ ಕಪಾಟಿಗೆ ಬೀಗ ಹಾಕಿ ಹಾಗೆಯೇ ಇಟ್ಟಿದ್ದೇನೆ. ಬೀಗದ ಕೈ ನನ್ನ ಕ್ಯಾಮೆರಾ ಚೀಲದಲ್ಲಿ. ಮಣ್ಣು ಮಾಡುವ ದಿನಕ್ಕೆ ಮದುವೆಯ ಬಿಳಿ ಸೀರೆ ಅವಳೇ ಮೊದಲು ತೆಗೆದು ಬಾಗಿಲ ಹಿಂದೆ ತೂಗುಹಾಕಿದ್ದಳು, ಹಾಗಾಗಿ ಆಗಲೂ ಕಪಾಟು ತೆಗೀಲಿಲ್ಲ. ಕ್ರಿಸ್‌ಮಸ್ಸಿನ ಮೊದಲು ನಮ್ಮ ಪಾಸ್ಟರ್ ಬಂದು, ಹೈವೇ ಬದಿಯ ಶೆಡ್ಡುಗಳಲ್ಲಿ ಘಟ್ಟದ ಮೇಲಿನ ಜನ ಇದ್ದಾರೆ ಕಾರ್ಲ್, ಎರಡಿದ್ದವರು ಒಂದು ಕೊಡಬೇಕಲ್ವಾ, ಕ್ರಿಸ್ತಬೆಲ್ ಅವರ ಸೀರೆಗಳು... ಅಂತ ಶುರು ಮಾಡಿದರು. ನಾನು ಅವರಿಗೆ ವಿವರಿಸಿ ಹೇಳಿದೆ. ಒಂದೊಂದು ಸೀರೆಯೂ ಒಂದೊಂದು ದಿವಸ, ದಿವಸ ದಾನ ಮಾಡ್ಲಿಕ್ಕೆ ಆಗ್ತದಾ ಅಂತ. ಅವರ ಚಹಾ ಕೆನೆ ಕಟ್ಟಿತು. ಪಾಪ.

ನಾಳೆ ಕಪಾಟು ತೆಗೀತೇನೆ.

ಫೆಬ್ರವರಿ 17, ಸೋಮವಾರ

ಖಾಲಿ.

ಕಪಾಟು ಖಾಲಿ ಉಂಟು. ನಾಲ್ಕು ಹಲಗೆಗೂ ಪೇಪರ್ ಹಾಸಿ ಉಂಟು, ಮೂಲೆಯಲ್ಲಿ ಕರ್ಪೂರದ ಗುಳಿಗೆ ಕರಗಿ ಕಡ್ಲೆಕಾಳಿನಷ್ಟಾಗಿದೆ, ಒಂದು ಸೇಫ್ಟಿ ಪಿನ್. ಅಷ್ಟೇ. ಬೀಗ ಸರಿ ಉಂಟು. ಬಾಗಿಲು ಸರಿ ಉಂಟು.

ಯಾರು?

ಫೆಬ್ರವರಿ 19, ಬುಧವಾರ

ಕುಂದಾಪುರದ ಅತ್ತಿಗೆ. ಬೆಲ್‌ಳ ಅಕ್ಕ. ಅವಳೇ ಇರಬೇಕು. ಮಣ್ಣಾದ ಮೇಲೆ ಮೂರು ದಿನ ಆ ಕೋಣೆಯಲ್ಲಿ ಮಲಗಿದ್ದು ಅವಳು. ಫೋನ್ ಮಾಡಿ ಕೇಳಿದೆ. ಮೆಲ್ಲಗೇ ಕೇಳಿದ್ದು. "ಅತ್ತಿಗೆ, ನೀವು ನೆನಪಿಗೆ ಅಂತ ಒಂದೆರಡು ತೆಗೊಂಡಿದ್ದರೆ ನನಗೆ ಬೇಜಾರಿಲ್ಲ, ಆದರೆ ಎಲ್ಲ?" ಅಂತ. ಅವಳು, "ಎಂತ ಹೇಳ್ತಾ ಇದ್ದೀಯಾ ಕಾರ್ಲ್?" ಅಂತ ಹೇಳಿ ಫೋನ್ ಕಟ್ ಮಾಡಿದಳು. ತಪ್ಪಿಲ್ಲದವರು ಕಟ್ ಮಾಡ್ತಾರಾ?

ಆಂಟನಿಗೂ ಹೇಳಿದೆ. ಆಂಟನಿ ಅಂದರೆ ನನ್ನ ಗೋಡೆಯ ಆಚೆ ಬದಿಯ ಟೇಲರ್. ಸಂತೆಕಟ್ಟೆಯಲ್ಲಿ ನಾವಿಬ್ಬರೂ ಒಂದೇ ವರ್ಷ ಬಾಗಿಲು ತೆಗೆದವರು. ಅವನು ಕಲ್ಯಾಣಪುರದ ಕೊಂಕಣಿ ಕ್ಯಾಥೊಲಿಕ್, ನಾನು ಬಾಸೆಲ್ ಮಿಶನ್ ಕಡೆಯ ಪ್ರೊಟೆಸ್ಟಂಟ್. "ನಿಮ್ಮದು ಬರೀ ಪಾಸ್ಟರರ ಪ್ರಸಂಗ, ನಮ್ಮದು ಬರೀ ಮೇಣದ ಬತ್ತಿ" ಅಂತ ತಮಾಷೆ ಮಾಡ್ತಾನೆ. ಬೆಲ್‌ಳ ರವಿಕೆ ಎಲ್ಲ ಅವನದೇ ಕೈ.

"ಆಂಟನಿ, ಮನೆಯಲ್ಲಿ ಕಳ್ಳತನ ಆಗಿದೆ."

"ಎಂತ ಹೋಯ್ತು?"

"ಬೆಲ್‌ಳ ಸೀರೆ. ಅಷ್ಟೂ."

ಅವನ ಕತ್ತರಿ ನಿಂತಿತು. "ಕಾರ್ಲ್, ಒಂದು ವಿಷಯ..."

"ನಿಲ್ಲು ಮಾರಾಯ, ಮೊದಲು ನಾನು ಹೇಳಿ ಮುಗಿಸ್ತೇನೆ," ಅಂದೆ. ಅತ್ತಿಗೆಯ ವಿಷಯ, ಬೀಗದ ವಿಷಯ, ಡೂಪ್ಲಿಕೇಟ್ ಕೀ ಮಾಡುವವರ ವಿಷಯ ಎಲ್ಲ ಹೇಳಿದೆ. ಮುಗಿಯುವಾಗ ಇಬ್ಬರು ಯೂನಿಫಾರ್ಮ್ ಅಳತೆಗೆ ಬಂದು ನಿಂತಿದ್ದರು. ಪೊಲೀಸ್ ಕಂಪ್ಲೇಂಟ್ ಕೊಡ್ತೇನೆ ಅಂದದ್ದಕ್ಕೆ, "ಬೇಡ ಕಾರ್ಲ್, ಬೇಡ," ಅಂದ. ಟೇಪು ಕುತ್ತಿಗೆಗೆ ಹಾಕಿಕೊಂಡು ತಲೆ ತಗ್ಗಿಸಿದ. ನನ್ನ ದುಃಖ ನೋಡ್ಲಿಕ್ಕೆ ಆಗುವುದಿಲ್ಲ ಅವನಿಗೆ. ಒಳ್ಳೆಯ ಮನುಷ್ಯ.

ಫೆಬ್ರವರಿ 26, ಬುಧವಾರ

ಮೊದಲಿನಿಂದ ಹೇಳ್ತೇನೆ.

ಬುಧವಾರ ನಾನು ಕಾರ್ಕಳಕ್ಕೆ ಹೋಗುವುದು. ಅಲ್ಲಿ ಕಿಟ್ಟನ ಫ್ರೇಮಿನ ಅಂಗಡಿಯಲ್ಲಿ ಜನ ಹಳೆ ಫೋಟೊ ಕೊಟ್ಟು ಹೋಗಿರ್ತಾರೆ, ನಾನು ತಂದು ಸರಿ ಮಾಡಿ ಬರುವ ಬುಧವಾರ ಕೊಡುವುದು. ಇವತ್ತು ಕಿಟ್ಟನಿಗೆ ಕಪಾಟಿನ ವಿಷಯ ಹೇಳ್ತಾ ಇದ್ದೆ. "ಕಾರ್ಲಣ್ಣ, ನಿಮ್ಮ ಕಥೆ ಕೇಳ್ತಾ ಕೂತರೆ ನನ್ನ ಅಂಟು ಒಣಗ್ತದೆ," ಅಂದ. ನಗಾಡಿದೆ. ಬಸ್ಸಿನಲ್ಲಿ ಬಂದೆ, ಸಂತೆಕಟ್ಟೆಯಲ್ಲಿ ಇಳಿದೆ, ಹೈವೇ ಬದಿಯ ಶೆಡ್ಡುಗಳ ಪಕ್ಕದಲ್ಲಿ ನಡ್ಕೊಂಡು ಬಂದೆ.

ಅಲ್ಲಿ ಕಬ್ಬಿಣದ ಸರಳಿನ ಮೇಲೆ ಒಂದು ಕೌದಿ ಒಣಗಿಸಿತ್ತು. ಘಟ್ಟದ ಮೇಲಿನವರು ಹಳೆ ಬಟ್ಟೆ ತುಂಡು ತುಂಡು ಜೋಡಿಸಿ ಹೊಲಿಯುವ ದಪ್ಪ ಹೊದಿಕೆ ಉಂಟಲ್ಲ, ಅದು. ಅದರ ಒಂದು ಬದಿ ಪೂರಾ ಗಿಳಿ. ಕಿತ್ತಳೆ ಬಣ್ಣದ ಮೇಲೆ ಗಿಳಿಗಳು. ಆ ಸೀರೆ ನಾನು ಕಾರ್ಕಳದಲ್ಲಿ ತೆಗೆದದ್ದು, ನಾನೇ ಆರಿಸಿದ್ದು. "ಚಂದ ಉಂಟು" ಅಂತ ಹೇಳಿ ಒಳಗೆ ಇಟ್ಟಿದ್ದಳು ಬೆಲ್. ಅವಳು ಉಟ್ಟದ್ದು ನೋಡುವ ಮೊದಲು ನಾನು ಅದರ ಮೇಲೆ ಪಾತ್ರೆ ತಿಕ್ಕಿದ ನೀರು ಹಾರಿದ್ದು ನೋಡಿದೆ.

ಒಬ್ಬಳು ಹೆಂಗಸು ಬಂದಳು. ಯಮನವ್ವ ಅಂತೆ. ಗಂಡ ಬಾಲಪ್ಪ ಸೆಂಟ್ರಿಂಗ್ ಕೆಲಸಕ್ಕೆ, ಇವಳು ಮಣ್ಣು ಹೊರುವುದಕ್ಕೆ.

"ಈ ಬಟ್ಟೆ ನಿಮಗೆ ಎಲ್ಲಿಂದ ಬಂತು?"

"ಬೆಲ್ಲದಕ್ಕಾರು ಕೊಟ್ಟದ್ದು ರೀ. ಟೇಲರ್ ಆಂಟನಣ್ಣನ ಅಂಗಡ್ಯಾಗ ಇಡತಿದ್ರು, ನಾನು ಹೋಗಿ ತರತಿದ್ದೆ."

"ಯಾವ ಅಕ್ಕ?"

"ಅವರ ಹೆಸರು ನಮ್ಮ ನಾಲಿಗಿಗೆ ಹೊರಳತಿದ್ದಿಲ್ಲ, ಬೆಲ್ಲದಕ್ಕ ಅಂತಿದ್ವಿ. ತೆಳ್ಳಗ ಇದ್ರಲ್ರೀ. ತಲಿಗೆ ಬಟ್ಟಿ ಕಟ್ಟಿಕೊಂಡಿರತಿದ್ರು, ಕೂದಲೆಲ್ಲ ಹೋಗಿತ್ತಂತ. ಚರ್ಚಿನವರು. ಬಾಳ ಚೊಲೋ ಮನಿಷಾರು. ತೀರಿಕೊಂಡ್ರಂತ ರೀ."

ನಾನು ಯಾರು ಅಂತ ಹೇಳಲಿಲ್ಲ. ಮನೆಗೆ ಬಂದೆ.

ಆಂಟನಿ.

ಫೆಬ್ರವರಿ 27, ಗುರುವಾರ

ಜಗಳ ಆಯ್ತು. ಪಕ್ಕದ ಮೆಡಿಕಲ್‌ನವರು ಬಾಗಿಲಿಗೆ ಬಂದು ನಿಂತು ನೋಡಿದರು, ನೋಡ್ಲಿ.

"ಒಂದು ವರ್ಷ, ಆಂಟನಿ! ಒಂದು ವರ್ಷ ನಾನು ನಿನ್ನೆದುರು ಕೂತು ಆ ಕಪಾಟಿನ ವಿಷಯ ಮಾತಾಡಿದ್ದೇನೆ. ನೀನು ಗುಂಡಿ ಹೊಲೀತಾ ಕೇಳಿದ್ದೀ. ಖಾಲಿ ಕಪಾಟಿಗೆ ಬೀಗ ಹಾಕಿ ಕಾದೆ ನಾನು! ನಗು ಬರ್ಲಿಲ್ವಾ ನಿನಗೆ?"

"ನಗು ಎಂತದು ಮಾರಾಯ. ಯಾರಿಗೂ ಹೇಳಬಾರದು ಅಂತ ನನ್ನ ಹತ್ತಿರ ಮಾತು ತೆಗೊಂಡಿದ್ದಳು."

"ಯಾರಿಗೂ ಅಂದರೆ ಊರಿನವರಿಗೆ. ನಾನು ಊರಿನವನಾ?"

ಅವನು ಮಶಿನ್ ಬಿಟ್ಟು ಎದ್ದ. ಅವನು ಹೇಳಿದ್ದು ಇಷ್ಟು. ಮಣಿಪಾಲದಲ್ಲಿ ಡಾಕ್ಟರು ವಿಷಯ ಹೇಳಿದ ವಾರದಿಂದಲೇ ಬೆಲ್ ಶುರು ಮಾಡಿದ್ದಂತೆ. ಒಂದೊಂದೇ ಸೀರೆ ಚೀಲದಲ್ಲಿ ಹಾಕಿ ತರುವುದು, ಕೇಳಿದವರಿಗೆ ಫಾಲ್ ಹೊಲೀಲಿಕ್ಕೆ ಅಂತ ಹೇಳುವುದು. ಇವನ ಅಂಗಡಿಯಿಂದ ಶೆಡ್ಡಿಗೆ. "ಕೊನೆಗೆ ಆಸ್ಪತ್ರೆಗೆ ಹೋಗುವ ಮೊದಲು ಎಲ್ಲ ಮುಗಿದಿತ್ತು ಕಾರ್ಲ್. ನಾನು ಕೇಳಿದೆ, ಇಷ್ಟು ಅವಸರ ಎಂತದು, ಆಮೇಲೆ ಕಾರ್ಲ್ ಕೊಡ್ತಾನೆ ಅಂತ. ಅವಳು ಹೇಳಿದಳು, ನಾನು ಸತ್ತ ಮೇಲೆ ಕೊಟ್ಟರೆ ಅದು ನಾನು ಕೊಟ್ಟದ್ದಲ್ಲ ಆಂಟನಿ, ಬಿಟ್ಟು ಹೋದದ್ದು ಅಂತ."

ಫಾಲ್! ನಾನೇ ಒಂದು ಸಲ ಆ ಚೀಲ ಸ್ಕೂಟರಿನಲ್ಲಿ ತಂದು ಇವನ ಕೈಗೆ ಕೊಟ್ಟಿದ್ದೇನೆ. ನನ್ನ ಕೈಯಿಂದಲೇ ಹೊರಗೆ ಹಾಕಿಸಿದಳು. ಹಳೆ ಸೀರೆಗೆ ಯಾರಾದರೂ ಫಾಲ್ ಹಾಕ್ತಾರಾ ಅಂತ ನನಗೆ ಹೊಳೀಲಿಲ್ಲ. ಹೌದು, ಆ ವರ್ಷ ಅವಳು ಎಂತ ಉಡ್ತಿದ್ದಳು? ನೈಟಿ ಇರಬೇಕು. ಹುಷಾರಿಲ್ಲದವರು ನೈಟಿ ಹಾಕ್ತಾರೆ.

"ನನಗೆ ಯಾಕೆ ಹೇಳಲಿಲ್ಲ? ಬೇಡ ಅಂತಿದ್ದೆನಾ ನಾನು?"

"ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಉಂಟಲ್ಲ."

"ನಾನು ಅವಳ ಎಡಗೈಯಾ?"

ಆಂಟನಿ ಟೇಪು ತೆಗೆದು ಹಲಗೆ ಮೇಲೆ ಇಟ್ಟ. ಮತ್ತೆ ಹೇಳಿದ, "ನಿನಗೆ ಹೇಳ್ಲಿಕ್ಕೆ ಬಂದಿದ್ದಳು ಕಾರ್ಲ್. ಇಲ್ಲೇ ನಿನ್ನ ಸ್ಟುಡಿಯೊಕ್ಕೆ. ನೀನು ಯಾರದೋ ಮದುವೆ ಆಲ್ಬಮ್ ವಿಷಯ ಹೇಳ್ತಾ ಇದ್ದಿ. ಕಾದಳು. ಆಮೇಲೆ ನನ್ನಲ್ಲಿಗೆ ಬಂದು ಒಂದು ಗ್ಲಾಸು ನೀರು ಕುಡಿದು ಹೋದಳು. ನೀನು ಅವಳಿಗೆ ಮಾತಾಡ್ಲಿಕ್ಕೆ ಯಾವಾಗ ಬಿಟ್ಟಿದ್ದಿ?"

ನೋಡಿ ಮಾತು ಹೇಗೆ ತಿರುಗಿಸ್ತಾನೆ ಅಂತ. ತಪ್ಪು ಅವನದು, ಬೈಗಳು ನನಗೆ. ನಾನು ಬೆಲ್‌ಳಿಗೆ ಮುಚ್ಚಿಟ್ಟ ವಿಷಯ ಅಂತ ಒಂದು ಇಲ್ಲ ಪ್ರಪಂಚದಲ್ಲಿ. ಎಲ್ಲ ಹೇಳ್ತಿದ್ದೆ. ದಿನಾ ಹೇಳ್ತಿದ್ದೆ.

ಇನ್ನು ಆ ಗೋಡೆಯ ಆಚೆಗೆ ನನಗೆ ಯಾರೂ ಇಲ್ಲ.

ಮಾರ್ಚ್ 1, ಶನಿವಾರ

ಎಂತ ಇಲ್ಲ ಹೇಳ್ಲಿಕ್ಕೆ.

ಆಂಟನಿಯ ಮಶಿನ್ ಶಬ್ದ ಕೇಳ್ತದೆ ಗೋಡೆಯಿಂದ. ಅಷ್ಟೇ.

ಮಾರ್ಚ್ 5, ಬುಧವಾರ

ಬೂದಿ ಬುಧವಾರ. ಆಂಟನಿ ಹಣೆಯಲ್ಲಿ ಬೂದಿಯ ಶಿಲುಬೆ ಇಟ್ಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತ. ನಾನು ಕಂಪ್ಯೂಟರ್ ಬಿಟ್ಟು ತಲೆ ಎತ್ತಲಿಲ್ಲ. ಹೋದ.

ನೀನು ಕೇಳ್ತಾ ಇದ್ದೀಯಾ ಬೆಲ್? ಆಂಟನಿಯ ಮೇಲೆ ನನಗೆ ಸಿಟ್ಟು, ಸರಿ. ಅವನು ಹೊರಗಿನವ. ನೀನು? ಒಂದೇ ಮನೆ, ಒಂದೇ ಚಾಪೆ. ನಾನು ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ಕೂತು ಬೆಳಿಗ್ಗೆಯಿಂದ ಸಂಜೆ ತನಕ ಮಾತಾಡ್ತಿದ್ದೆ, ನಿನಗೆ ಬೇಜಾರಾಗಬಾರದು ಅಂತ. ಅಷ್ಟೂ ದಿನ ನಿನ್ನ ಮನಸ್ಸಲ್ಲಿ ಖಾಲಿ ಕಪಾಟು ಇತ್ತು. ದೇವರಿಗೆ ಕೊಟ್ಟದ್ದು ಅಂತ ನೀನು ಹೇಳಬಹುದು. ದೇವರಿಗೆ ಕೊಡುವಾಗ ಗಂಡನಿಗೆ ಸುಳ್ಳು ಹೇಳು ಅಂತ ಎಲ್ಲಿ ಉಂಟು? ಕಾಪುವಿನ ಸೀರೆ ಕೂಡ ಕೊಟ್ಟಿಯಾ? ಅದು ಯಾವ ಸೀರೆ ಅಂತ ನಿನಗೆ ಗೊತ್ತಿತ್ತಲ್ಲ? ಫೋಟೊ ಮನೆಯ ಹಾಲ್‌ನಲ್ಲಿ ಎದುರೇ ಇತ್ತಲ್ಲ?

ಯಾರ ಬಟ್ಟೆಯೂ ನನಗೆ ಬೇಡ. ಹಸಿರು ಹಾಕಿದೆ ಇವತ್ತು. ಗಿಳಿಹಸಿರು. ಬಟ್ಟೆ ಎದುರು ಇಟ್ಟುಕೊಳ್ಳದೆ ಬಣ್ಣ ಹಾಕಿದ್ದು ಇದೇ ಮೊದಲು.

ಮಾರ್ಚ್ 8, ಶನಿವಾರ

ಕೂರ್ತಾ ಇಲ್ಲ. ಹಸಿರು ಕೂರ್ತಾ ಇಲ್ಲ. ಬಿಸಿಲಿನಲ್ಲಿ ನಿಂತರೆ ಸೀರೆಯ ಬೆಳಕು ಗಲ್ಲದ ಕೆಳಗೆ ಬೀಳ್ತದೆ. ಹಸಿರು ಸೀರೆಯಾದರೆ ಗಲ್ಲದ ಕೆಳಗೆ ಒಂದಿಷ್ಟು ಹಸಿರು ಇರಬೇಕು. ಸಮುದ್ರಕ್ಕೆ ನೀಲಿ ಸೇರಿಸಿದೆ, ಸಮುದ್ರ ಬಂತು. ಬಂಡೆ ಬಂತು. ಮುಖ ಬಂತು. ಮುಖದ ಕೆಳಗೆ ಬೇರೆ ಯಾರದೋ ಸೀರೆ.

ಅತ್ತಿಗೆಗೆ ಫೋನ್ ಮಾಡಿ ಕೇಳೋಣ ಅಂದರೆ ಯಾವ ಮುಖದಲ್ಲಿ? ಆಂಟನಿಗೆ ಗೊತ್ತಿರಬಹುದು. ಅವನನ್ನು ಕೇಳುವುದಿಲ್ಲ.

ಮಾರ್ಚ್ 12, ಬುಧವಾರ

ಕಾರ್ಕಳಕ್ಕೆ ಹೋಗಲಿಲ್ಲ. ಹಸಿರು ಪ್ರಿಂಟು ತೆಗೊಂಡು ಶೆಡ್ಡಿಗೆ ಹೋದೆ. ಯಮನವ್ವ ಕಾಲು ಉಳುಕಿ ಕೆಲಸಕ್ಕೆ ಹೋಗಿರಲಿಲ್ಲ. ನಾನು ಬೆಲ್‌ಳ ಗಂಡ ಅಂದೆ. ಸೆರಗು ಸರಿ ಮಾಡಿಕೊಂಡು, "ಅಣ್ಣಾರ, ಅವತ್ತ ಹೇಳಬೇಕಿಲ್ರೀ? ಕುಂದರ್ರಿ," ಅಂತ ಪ್ಲಾಸ್ಟಿಕ್ ಸ್ಟೂಲು ಒರೆಸಿ ಕೊಟ್ಟಳು. ಫೋಟೊ ನೋಡಿ ಅವಳು ಹೇಳಿದ್ದು ಕೇಳಿ, ಸ್ವಲ್ಪ ನಿಲ್ಲಿ ಅಂತ ಈ ಫೋನು ಒತ್ತಿ ಇಬ್ಬರ ನಡುವೆ ಇಟ್ಟೆ. ಅದನ್ನೇ ಇಲ್ಲಿ ಬಿಡ್ತೇನೆ.

"ಹಸರು ಅಲ್ರೀ ಇದು. ಅರಿಶಿಣದ್ದು. ಈ ಸೀರಿ ನನಗ ಗೊತ್ತಿಲ್ಲೇನ್ರೀ? ಕೌದಿ ನಡುವ ಹಚ್ಚೇವಲ್ಲ ಇದನ್ನ. ತಡೀರಿ, ತೋರಸತೀನಿ... ನೋಡ್ರಿ, ಇದ. ಒಗದು ಒಗದು ಮ್ಯಾಲ ಬೆಳ್ಳಗಾಗೇತಿ. ಮಡಚಿ ಹೊಲದದ್ದು ಒಳಗ ಹಂಗ ಇರತೈತಿ. ಬಿಚ್ಚಲೇನ್ರೀ? ಮತ್ತ ಹೊಲಿಯಾಕ ಬರತೈತಿ, ಅದಕ್ಕೇನು. ಆ ಬ್ಲೇಡ್ ಕೊಡ್ರಿ... ಹಾಂ. ನೋಡ್ರಿ ಈಗ. ಹಸರು ಎಲ್ಲೈತ್ರೀ?

"ಅಯ್ಯ, ಅಕ್ಕಿ ಬಿತ್ತು. ಇಲ್ರೀ, ಹುಳ ಅಲ್ಲ, ಅಕ್ಕಿ ಕಾಳ ಅದು, ಕರ್‍ರಗಾಗೇತಿ. ನಿಮ್ಮ ಮನ್ಯಾಗಿನದ ಐತಿ, ಕೆಂಪಕ್ಕಿ. ನಮ್ಮವ್ವ ಹೇಳತಿದ್ಲರೀ, ಕೌದಿ ಹೊಟ್ಟಿ ಖಾಲಿ ಇಟ್ಟು ಬಾಯಿ ಹೊಲಿಬಾರದು, ಹೊದ್ದವರಿಗೆ ಹಸಿವಾಗತೈತಿ ಅಂತ. ಅದಕ್ಕ ಕಡೀ ಹೊಲಿಗಿ ಹಾಕೂ ಮುಂದ ನಾಕು ಕಾಳು ಒಳಗ ಇಡತೇವಿ. ಅಕ್ಕಾರ ತಂದಿದ್ರು ಮುಷ್ಟ್ಯಾಗ ಹಿಡಕೊಂಡು.

"ಇಲ್ಲೇ ಕುಂತು ಹೊಲಿತಿದ್ರಲ್ರೀ. ನೀವು ಕುಂತೀರಲ್ಲ, ಅಲ್ಲೇ. ಬುಧವಾರ, ಬುಧವಾರ. ಕೈ ನಡಗತಿತ್ತು, ಸೂಜಿ ನಾನ ಪೋಣಿಸಿ ಕೊಡತಿದ್ದೆ. ಏನ್ ಮಾತು ರೀ ಅಕ್ಕಾರದು! ನನಗ ಬಾಯಿ ತೆರಿಯಾಕ ಬಿಡತಿದ್ದಿಲ್ಲ. ನಗಸತಿದ್ರು. ನನ್ನ ಮಾವನ ಹಂಗ, ಪಾಸ್ಟರ್ ಹಂಗ, ನಿಮ್ಮ ಹಂಗ ಮಾತಾಡಿ ತೋರಸತಿದ್ರು. ಸಿಟ್ಟಾಗಬ್ಯಾಡ್ರಿ ಮತ್ತ.

"ಈ ಸೀರಿ ಹಚ್ಚಿದ ದಿವಸ ಕೇಳಿದೆ, ಅಕ್ಕಾರ, ಇದು ಚೊಲೋ ಐತಿ, ಇದ್ಯಾಕ ಕೊಡತೀರಿ ಅಂತ. ಅವರು ಹೇಳಿದ್ರು, ಯಮನವ್ವ, ಈ ಸೀರೆ ಉಟ್ಟ ದಿವಸದಷ್ಟು ಹಸಿವು ನನಗೆ ಯಾವತ್ತೂ ಆಗಿಲ್ಲ ಅಂತ. ಹೊಸದಾಗಿ ಲಗ್ನ ಆಗಿತ್ತಂತ. ಕಾಪು ತೋರಸಾಕ ಕರಕೊಂಡು ಹೋಗಿದ್ರಂತ ನೀವು. ಮುಂಜಾನಿಂದ ಏನೂ ತಿಂದಿದ್ದಿಲ್ಲಂತ. ನೀವು ದೀಪದ ಕಂಬ ಹೆಂಗ ಕಟ್ಟಿದ್ರು, ಬೆಳಕು ಎಲ್ಲಿಗೆ ಬೀಳಬೇಕು, ಹಿಂಗ ತಿರುಗು, ಹಂಗ ತಿರುಗು... ಹಸಿವಾಗೇತಿ ಅನ್ನಾಕ ಬಾಯಿ ತೆರದ್ರ ನೀವು, ಹಾಂ, ಬಾಯಿ ಮುಚ್ಚು, ಹಲ್ಲು ಕಾಣಬಾರದು ಅಂದ್ರಂತ. ಬಾಯಿ ಮುಚ್ಚಿದ್ರಂತ. ಅಷ್ಟರಾಗ ಫೋಟೋ ಹೊಡದ್ರಂತ.

"ನಕ್ಕೊಂತ ಹೇಳಿದ್ರು ರೀ. ಅಳಲಿಲ್ಲ. ಒಂದು ಸಲ ಸೀರಿ ಹಳದಿ ಅಂತನೂ ಹೇಳಿದ್ರಂತ ನಿಮಗ. ನೀವು ಫೋಟೋದ ಬಣ್ಣ ಹೆಂಗ ಹೋಗತಾವು ಅಂತ ಶುರು ಮಾಡಿದ್ರಂತ, ಸುಮ್ಮನಾದ್ರಂತ. ಕಡೀಗೆ ಆ ಅಕ್ಕಿ ಇಡೂ ಮುಂದ ಕೌದಿ ತಟ್ಟಿ ಅಂದ್ರು, ಅವತ್ತು ಉಣ್ಣಲಿಕ್ಕೆ ಸಿಗಲಿಲ್ಲ ಇದಕ್ಕೆ, ಇವತ್ತು ಉಣ್ಣಲಿ ಅಂತ.

"ಯಾಕ್ರೀ ಅಣ್ಣಾರ? ನೀವು ಏನೂ ಅನ್ನವಲ್ರಿ?"

ಮಾರ್ಚ್ 14, ಶುಕ್ರವಾರ

ಸೀರೆಗೆ ಎಂತ ಮಾಡ್ಲಿಕ್ಕೂ ಇರಲಿಲ್ಲ. ನನ್ನ ಹಸಿರು ಅಳಿಸಿದೆ, ಕೆಳಗೆ ಅದರದ್ದೇ ಹಳದಿ ಇತ್ತು. ಅಷ್ಟು ಹಾಳಾದ ಫೋಟೊದಲ್ಲಿ ಅದೊಂದು ಬಣ್ಣ ಹೋಗಿರಲಿಲ್ಲ.

ಸಿಟ್ಟು ಇಳಿದಿದೆ ಅಂತ ಅಲ್ಲ. ಯಮನವ್ವನಿಗೆ ನಗಿಸಿ ನಗಿಸಿ ಹೇಳಿದ್ದನ್ನು ನನಗೊಂದು ಸಲ ಹೇಳಬಹುದಿತ್ತು. ಬೆಲ್ ನನ್ನ ಹಾಗೆ ಮಾತಾಡಿ ತೋರಿಸ್ತಿದ್ದಳಂತೆ. ನಾನು ನೋಡಿಲ್ಲ. ಅದು ಎಷ್ಟು ಜನ ನೋಡಿದ್ದಾರೋ.

ಮಾರ್ಚ್ 18, ಮಂಗಳವಾರ

ಕುಂದಾಪುರದ ಅತ್ತಿಗೆಗೆ ಫೋನ್ ಮಾಡಿದೆ. ತುಂಬ ಹೊತ್ತು ಬೈದಳು. ಇಟ್ಟ ಮೇಲೆ ನೋಡಿದರೆ "ಅತ್ತಿಗೆ, ಕಾರ್ಲ್" ಅಂತ ಹೇಳಿದ್ದು ಬಿಟ್ಟರೆ ನಾನು ಎಂತ ಹೇಳಿಯೇ ಇರಲಿಲ್ಲ. ಸ್ಮರಣೆಗೆ ಬರ್ತಾಳಂತೆ.

ನನ್ನ ಕಪಾಟಿನ ಬಾಗಿಲು ಒತ್ತಿ ಹಾಕಬೇಕಾಗ್ತದೆ, ಅಷ್ಟು ಅಂಗಿ. ತೆಗೆದು ಮಂಚದ ಮೇಲೆ ಹಾಕಿದ್ದೇನೆ. ಬಾಲಪ್ಪ ನನ್ನ ಅಳತೆಯವನೇ. ಅರ್ಧ ಬೆಲ್‌ಳ ಕಪಾಟಿನಲ್ಲಿ ಇಡೋಣ ಅಂತ ಮೊದಲು ಯೋಚನೆ ಬಂತು. ಬೇಡ ಅಂತ ಆಯ್ತು. ಕೈತೋಳು ಹರಿದದ್ದು ಎರಡು ಉಂಟು, ಅದನ್ನು ಹಾಗೆ ಕೊಡುವುದು ಚಂದ ಅಲ್ಲ. ಹೊಲಿಸಬೇಕು.

ಹೊಲಿಸ್ಲಿಕ್ಕೆ ಸಂತೆಕಟ್ಟೆಯಲ್ಲಿ ಬೇರೆ ಟೇಲರ್ ಇಲ್ವಾ? ಇದ್ದಾನೆ. ಆಂಟನಿಯ ಹಲಗೆ ಮೇಲೆ ಇಟ್ಟು ಬಂದೆ. ಅವನು, "ಯಾವಾಗ ಬೇಕು?" ಅಂದ. "ಆದಾಗ," ಅಂದೆ. ಅಷ್ಟೇ ಮಾತು.

ಮಾರ್ಚ್ 23, ಆದಿತ್ಯವಾರ

ಕಾಪುವಿನಲ್ಲಿದ್ದೇನೆ. ಗಾಳಿಗೆ ಕೇಳ್ತದಾ ಗೊತ್ತಿಲ್ಲ.

ಸ್ಮರಣೆ ಚೆನ್ನಾಗಿ ಆಯ್ತು. ಫೋಟೊ ನೋಡಿ ಪಾಸ್ಟರ್ ಕೇಳಿದರು, "ಸೀರೆ ಹಸಿರು ಅಂತ ಹೇಳ್ತಿದ್ದಿರಲ್ಲ ಕಾರ್ಲ್?" ಅಂತ. "ಹಳದಿ," ಅಂದೆ. ಅತ್ತಿಗೆ, "ಅದು ನಾನೇ ಅವಳಿಗೆ ಕೊಟ್ಟ ಸೀರೆ," ಅಂದಳು. ಅದೂ ನನಗೆ ಗೊತ್ತಿರಲಿಲ್ಲ. ಯಮನವ್ವ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಬಾಲಪ್ಪ ನನ್ನ ನೀಲಿ ಗೆರೆ ಅಂಗಿ ಹಾಕಿದ್ದ, ತೋಳಿನ ಹೊಲಿಗೆ ಕಾಣ್ತಾ ಇರಲಿಲ್ಲ. ಕೆಲಸಗಾರ ಆಂಟನಿ, ಅದರಲ್ಲಿ ಎರಡು ಮಾತಿಲ್ಲ.

ಮುಗಿದ ಮೇಲೆ ಆಂಟನಿ ಬೈಕ್ ಸ್ಟಾರ್ಟ್ ಮಾಡಿಕೊಂಡು ಗೇಟಿನಲ್ಲಿ ನಿಂತಿದ್ದ. ಎಲ್ಲಿಗೆ ಅಂತ ಹೇಳಲಿಲ್ಲ, ನಾನು ಕೇಳಲಿಲ್ಲ, ಕೂತೆ. ಅವನು ಮಾಡಿದ್ದನ್ನು ನಾನು ಮರೀಲಿಕ್ಕೆ ಇಲ್ಲ, ಅದು ಅವನಿಗೂ ಗೊತ್ತುಂಟು.

ಬಂಡೆ ಅದೇ. ಅವಳು ನಿಂತ ಜಾಗ ಇಲ್ಲಿಂದ ಕಾಣ್ತದೆ. ಅವತ್ತು ನಾನು ನಿಂತದ್ದು ಇಲ್ಲಿ, ಸೂರ್ಯ ನನ್ನ ಎಡಕ್ಕೆ ಇತ್ತು, ಅಪರ್ಚರ್... ಅದು ಬಿಡಿ.

ಬಂಡೆಯಿಂದ ಇಳಿದ ಕೂಡಲೇ ಒಂದು ಗೋಳಿಬಜೆಯ ಅಂಗಡಿ ಉಂಟು. ಎಣ್ಣೆಯ ಪರಿಮಳ ಇಲ್ಲಿಯ ತನಕ ಬರ್ತದೆ. ಈಗಿನ ಮುದುಕನ ಅಪ್ಪ ಆಗ ಕೂರ್ತಿದ್ದ. ಆಗಲೂ ಇತ್ತು ಈ ಅಂಗಡಿ. ಇಷ್ಟೇ ದೂರ.

ಎರಡು ಪ್ಲೇಟು ಹೇಳಿ ಬಂದಿದ್ದೇನೆ. ಅಲ್ಲಿಂದ... ಎಂತ ಆಂಟನಿ?

ಆಂಟನಿ ಎಂತದೋ ಹೇಳ್ತಾ ಇದ್ದಾನೆ. ನಿಲ್ಲಿಸ್ತೇನೆ.